ಶಾಂತಕ್ಕ ಇಟ್ಟ ಹೆಸರು

ಶಾಂತಕ್ಕನಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟು ಮೋಸ ಹೋದರು. ತಾವರಗೇರಾದ ಅವಳ ಓಣಿಯಲ್ಲಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಗಂಡಸರು, ಅವಳು ತಿರುವಿನಲ್ಲಿ ಕಂಡರೆ ಸಾಕು, ಕಾಲು ಮಡಚಿಕೊಳ್ಳುತ್ತಿದ್ದರು. ಹಾಗೆಂದು ಅವಳು ಬಾಯಿ ಮಾಡುವ ಹೆಂಗಸಲ್ಲ. ಬಾಯಿ ಮಾಡುವವರ ಸಿಟ್ಟು ಸಂಜೆಯೊಳಗೆ ಇಳಿದುಹೋಗುತ್ತದೆ. ಶಾಂತಕ್ಕ ಸಿಟ್ಟನ್ನು ಉಪ್ಪಿನಕಾಯಿಯಂತೆ ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಹದ ಬರುವವರೆಗೂ ಕಾಯುವವಳು.

ನೆರೆಯ ಹೊಳಿಯಪ್ಪ ಒಂದು ಸಲ ತನ್ನ ಎತ್ತುಗಳನ್ನು ಅವಳ ಬಣವೆಗೆ ಬಿಟ್ಟು ಮೇಯಿಸಿದ್ದ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಮರು ವರ್ಷ ಅವನ ಮಗಳ ಮದುವೆಗೆ ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿಯಲು ಹೋದಾಗ ಅವಳೂ ಹೋದಳು, ಎಲ್ಲರಿಗಿಂತ ಮುಂದೆ ಒಲೆ ಹಿಡಿದು ಕೂತಳು. ಬೀಗರು ಊಟಕ್ಕೆ ಕೂತರು ಎಂದು ಗೊತ್ತಾದದ್ದೇ ಕೈ ಕೊಡವಿ ಎದ್ದಳು. "ಹೊಳಿಯಪ್ಪಣ್ಣಾ, ಬಣವಿ ನೆನಪಾತು ನೋಡಪಾ. ಯಾರರ ಎತ್ತು ಬಂದಾವೇನೋ, ನೋಡಿ ಬರ್ತೀನಿ" ಎಂದು ಹೊರಟಳು. ಬಣವೆಯ ಕಥೆ ಗೊತ್ತಿದ್ದ ಹೆಂಗಸರು ನಕ್ಕು, ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡು ಅವಳ ಹಿಂದೆಯೇ ನಡೆದರು. ಬೀಗರ ತಾಟಿನಲ್ಲಿ ಪಲ್ಯ ಮಾತ್ರ ಉಳಿಯಿತು.

ಇಂಥವಳಿಗೂ ಒಂದು ಮೆತ್ತನೆಯ ಜಾಗ ಇತ್ತು. ಅದು ಅವಳ ತಮ್ಮ ಗವಿಸಿದ್ದಪ್ಪ. ಹನುಮಸಾಗರದ ತವರಿನಲ್ಲಿ ತಾಯಿ ಶಿವಬಸಮ್ಮ ತೀರಿಹೋದಾಗ ಅವನಿನ್ನೂ ಮೊಲೆ ಬಿಟ್ಟಿರಲಿಲ್ಲ. ಅಕ್ಕನೇ ಸೊಂಟದ ಮೇಲೆ ಹೊತ್ತು ತಿರುಗಿದಳು. ಹೊತ್ತ ಸೊಂಟ ಓರೆಯಾಗಿಯೇ ಉಳಿಯಿತು; ಈಗಲೂ ಅವಳು ನಡೆಯುವಾಗ ಎಡಕ್ಕೆ ಸ್ವಲ್ಪ ವಾಲುತ್ತಾಳೆ. ಮದುವೆಯಾಗಿ ತಾವರಗೇರಾಕ್ಕೆ ಬಂದಳು. ಮಕ್ಕಳಾಗುವ ಮೊದಲೇ ಗಂಡ ಹೋದ. ತಮ್ಮನನ್ನು ಕೊಪ್ಪಳದ ಹಾಸ್ಟೆಲ್ಲಿಗೆ ಹಾಕಿ, ತಾನು ಗಂಗಾವತಿ ಕಡೆಯ ಕ್ಯಾಂಪಿಗೆ ಭತ್ತ ನಾಟಿಗೆ ಹೋದಳು. ಕಾಲುವೆ ಬಂದಮೇಲೆ ಆಂಧ್ರದವರು ಬಂದು ನೆಲೆಸಿದ ಊರುಗಳು ಅವು. ಗೋದಾವರಿ ಕಡೆಯ ರೆಡ್ಡಿಯೊಬ್ಬರ ಗದ್ದೆಯಲ್ಲಿ, ಮನೆಯಲ್ಲಿ, ಹಟ್ಟಿಯಲ್ಲಿ ಅವಳ ಯೌವನವೆಲ್ಲ ಕಳೆಯಿತು. ಅಲ್ಲಿ ಕೆಲಸ ಹೇಳುತ್ತಿದ್ದುದು ತೆಲುಗಿನಲ್ಲಿ, ಹೊಗಳುತ್ತಿದ್ದುದು ತೆಲುಗಿನಲ್ಲಿ, ಬೈಯುತ್ತಿದ್ದುದಂತೂ ತೆಲುಗಿನಲ್ಲೇ. ಅಕ್ಕ ಕ್ಯಾಂಪಿನಲ್ಲಿದ್ದಾಳೆ ಎಂಬುದು ತಮ್ಮನಿಗೆ ಗೊತ್ತಿತ್ತು. ಅಲ್ಲಿ ಅವಳು ಯಾವ ಭಾಷೆಯಲ್ಲಿ ಬೈಸಿಕೊಂಡಳೆಂದು ಅವನು ಯಾವತ್ತೂ ಕೇಳಿರಲಿಲ್ಲ.

ಗವಿಸಿದ್ದಪ್ಪನ ಓದು ಮುಗಿದ ಮೇಲೆ ಶಾಂತಕ್ಕ ತಾವರಗೇರಾಕ್ಕೆ ಮರಳಿದಳು. ಅವನು ಕುಷ್ಟಗಿ ಕಡೆಯ ಕಲ್ಲಿನ ಕ್ವಾರಿಯಲ್ಲಿ ಸ್ವಲ್ಪ ದಿನ ಇದ್ದ. ಕಲ್ಲು ತುಂಬಿದ ಲಾರಿಗಳ ಬೆನ್ನು ಹತ್ತಿ ಹೈದರಾಬಾದಿಗೆ ಹೋದವನು ಅಲ್ಲೇ ನಿಂತ. ಮಿಯಾಪುರದಲ್ಲಿ ಗ್ರಾನೈಟ್ ಅಂಗಡಿ ಹಾಕಿದ. ದಿನ ಬೆಳಗಾದರೆ ಒಂದು ಕಟ್ಟಡ ಏಳುವ ಊರಿನಲ್ಲಿ ಕಲ್ಲಿಗೆ ಬರವೇ? ಅಂಗಡಿ ಎರಡಾಯಿತು. ಹೆಸರು ಮಾತ್ರ ಅರ್ಧವಾಯಿತು. ಅಲ್ಲಿ ಅವನು ಗವಿಸಿದ್ದಪ್ಪ ಅಲ್ಲ, 'ಸಿದ್ಧು ಸರ್'. ಕುಷ್ಟಗಿಯ ಲಲಿತಾಳನ್ನು ಮದುವೆಯಾದ. ಡಿಗ್ರಿ ಓದಿದ ಹುಡುಗಿ. ಹೈದರಾಬಾದು ಸೇರಿ ವರ್ಷ ತುಂಬುವುದರೊಳಗೆ ತೆಲುಗು ಕಲಿತಳು. ಕಲಿತ ಭಾಷೆಯ ಮೇಲೆ ಅವಳಿಗೆ ಹೊಸ ಬಳೆಯ ಮೇಲಿರುವಷ್ಟು ಪ್ರೀತಿ.

ಹೆರಿಗೆ ಹತ್ತಿರ ಬಂದಾಗ ಫೋನ್ ಬಂತು.

"ಯಕ್ಕಾ, ಲಲಿತಾಗ ದಿನ ತುಂಬ್ಯಾವು. ಆಕಿಗೆ ತಾಯಿ ಇಲ್ಲ, ನಿನಗ ಗೊತ್ತೈತಲ್ಲ. ಬಾಣಂತನಕ್ಕ ನೀನ ಬರಬೇಕು."

"ನಾ ಬರಲಾರದ ಮತ್ತ ಯಾರ ಬರ್ತಾರೋ, ಹುಚ್ಚ! ಸೋದರತ್ತಿ ಅದೀನಿ ನಾ" ಎಂದಳು ಶಾಂತಕ್ಕ.

ಆ ಒಂದು ಮಾತು ಅವಳನ್ನು ಹತ್ತು ವರ್ಷ ಕಿರಿಯಳನ್ನಾಗಿಸಿತು. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆಯದೇ ದರ್ಬಾರು. ಕೂಸಿಗೆ ಕುಂಚಿಗೆಯ ಟೊಪ್ಪಿಗೆ ತರುವವಳು ಅವಳು, ಕೂಸಿನ ಕಿವಿಯಲ್ಲಿ 'ಕುರ್‍ರ್' ಎಂದು ಹೆಸರು ಉಸುರುವವಳು ಅವಳು. ಅವಳು ಹೆಸರು ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು, ಅವಳು ಅಯ್ಯಯ್ಯೋ ಎನ್ನುತ್ತ ನಗುವುದು, ಎಲ್ಲ ಸಂಪ್ರದಾಯ. ತನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೇನು, ತನ್ನ ಬಾಯಲ್ಲಿ ಒಂದು ಜೀವಕ್ಕೆ ಹೆಸರು ಹುಟ್ಟುತ್ತದೆ. ಶಾಂತಕ್ಕನಿಗೆ ಬದುಕಿನಲ್ಲಿ ಉಳಿದ ಆಸೆ ಇಷ್ಟೇ. ಗುಳೇದಗುಡ್ಡದ ಖಣ ತಂದು, ಟೊಪ್ಪಿಗೆ ಬೆನ್ನಿನವರೆಗೆ ಇಳಿಬಿದ್ದ ಕುಂಚಿಗೆ ಹೊಲಿದಳು. ಅಂಚಿಗೆ ಗೊಂಡೆ ಕಟ್ಟಿದಳು. ಇಳಕಲ್ ಸೀರೆಯೊಂದನ್ನು ನಾಮಕರಣದ ದಿನಕ್ಕೆಂದೇ ಚೀಲದ ತಳಕ್ಕಿಟ್ಟು, ಕುಷ್ಟಗಿಯಲ್ಲಿ ಹೈದರಾಬಾದ್ ಬಸ್ಸು ಹತ್ತಿದಳು.

ಹೈದರಾಬಾದು ಅವಳಿಗೆ ಮೊದಲ ನೋಟಕ್ಕೇ ಹಿಡಿಸಿತು. ಎಲ್ಲಿ ನೋಡಿದರೂ ಅರ್ಧ ಎದ್ದ ಕಟ್ಟಡ, ಅದರ ನೆತ್ತಿಯ ಮೇಲೆ ಕ್ರೇನು, ಅದರ ಕೆಳಗೆ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ರೊಟ್ಟಿ ಬಡಿಯುವ ಯಾದಗಿರಿಯವರು, ರಾಯಚೂರಿನವರು. ತಮ್ಮನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ನೆಲದ ಕಲ್ಲು ಮುಟ್ಟಿ ನೋಡಿದಳು. "ಇದು ನಮ್ಮ ಕಡೀ ಕಲ್ಲಲ್ಲೇನೋ? ಗುಡ್ಡಾನ ತಂದು ಹಾಸಿ ಮಲಗಿಸೀಯಲ್ಲೋ ತಮ್ಮಾ" ಎಂದಳು. ತಮ್ಮ ಹೆಮ್ಮೆಯಿಂದ ನಕ್ಕ. ಲಿಫ್ಟಿನ ಗುಂಡಿಗಳನ್ನು ತೋರಿಸಿಕೊಟ್ಟ. ಯಾವುದು ಒತ್ತಿದರೆ ಕೆಳಗೆ, ಯಾವುದು ಒತ್ತಿ ಹಿಡಿದರೆ ಬಾಗಿಲು ಮುಚ್ಚುವುದಿಲ್ಲ, ಎಲ್ಲ ಕಲಿತಳು.

ಹೆಣ್ಣು ಕೂಸು ಹುಟ್ಟಿತು. ಶಾಂತಕ್ಕ ಬಾಣಂತನಕ್ಕೆ ಟೊಂಕ ಕಟ್ಟಿ ನಿಂತಳು. ಎಣ್ಣೆ ನೀರು, ಖಾರ, ಕೊಬ್ಬರಿ ಬೆಲ್ಲದ ಅಂಟಿನುಂಡೆ. ಒಂದು ದಿನ ಕೂಸಿಗೆ ಲೋಬಾನದ ಹೊಗೆ ಹಾಕಿದ್ದಕ್ಕೆ ಬೆಂಕಿ ಬಿದ್ದಿತೆಂದು ವಾಚ್‌ಮನ್ ಏದುಸಿರು ಬಿಡುತ್ತ ಓಡಿಬಂದ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವಾಗ ಅವಳ ಮುಖದಲ್ಲಿದ್ದ ಬೆಳಕನ್ನು ಕಂಡಿದ್ದರೆ ತಾವರಗೇರಾದ ಗಂಡಸರು ನಂಬುತ್ತಿರಲಿಲ್ಲ.

ಕೂಸಿಗೆ ಚುಚ್ಚುಮದ್ದು ಹಾಕಿಸಲು ಹೊರಟ ದಿನ ಅದು ನಡೆಯಿತು. ಲಿಫ್ಟಿನಲ್ಲಿ ತಮ್ಮ, ಲಲಿತಾ, ಕೂಸನ್ನು ಎತ್ತಿಕೊಂಡ ಶಾಂತಕ್ಕ. ಎದುರು ಫ್ಲಾಟಿನ ಸತ್ಯವತಿ ಎಂಬ ಹಿರಿಯ ಹೆಂಗಸು ಓಡಿಬಂದು ಹತ್ತಿಕೊಂಡರು. ಕೂಸಿನ ಕೆನ್ನೆ ಮುಟ್ಟಿ, ಶಾಂತಕ್ಕನತ್ತ ನೋಡಿ, ತೆಲುಗಿನಲ್ಲಿ ಕೇಳಿದರು: "ಈವಿಡ ಎವರಂಡಿ?" ಈಕೆ ಯಾರು?

ಲಲಿತಾ ಒಂದು ಕ್ಷಣವೂ ತಡವರಿಸಲಿಲ್ಲ. "ಮಾ ಪನಿಮನಿಷಂಡಿ. ಊರಿನುಂಚಿ ತೆಚ್ಚುಕುನ್ನಾಂ."

ನಮ್ಮ ಮನೆಗೆಲಸದವಳು. ಊರಿಂದ ತಂದುಕೊಂಡಿದ್ದೇವೆ.

ಶಾಂತಕ್ಕನ ಮೈಮೇಲೆ ಕಾದ ಎಣ್ಣೆ ಬಿದ್ದಂತಾಯಿತು. ಆದರೂ ಅವಳು ಲಲಿತಾಳನ್ನು ನೋಡಲಿಲ್ಲ. ಪರರ ಮನೆಯ ಹುಡುಗಿ, ಏನೋ ಅಂದಿತು. ಅವಳು ತಮ್ಮನನ್ನು ನೋಡಿದಳು. ತನ್ನ ಸೊಂಟ ಓರೆ ಮಾಡಿದವನು ಈಗ ಬಾಯಿ ತೆರೆಯುತ್ತಾನೆ, 'ಅಲ್ಲ, ನಮ್ಮಕ್ಕ' ಎನ್ನುತ್ತಾನೆ ಎಂದು ಕಾದಳು. ಗವಿಸಿದ್ದಪ್ಪ ಲಿಫ್ಟಿನ ಗುಂಡಿಗಳನ್ನು ನೋಡುತ್ತ ನಿಂತಿದ್ದ. ಒಂದೊಂದೇ ಅಂಕಿಗೆ ದೀಪ ಹತ್ತಿ ಆರುವುದನ್ನು, ಹಿಂದೆಂದೂ ಕಾಣದವನಂತೆ, ನೋಡುತ್ತ ನಿಂತಿದ್ದ. ಬಾಗಿಲು ತೆರೆಯಿತು. ಎಲ್ಲರೂ ಇಳಿದರು.

ಅಂದೇ ಚೀಲ ಹೊತ್ತು ಊರಿಗೆ ಹೋಗಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಳುತ್ತ ಹೋಗಿಯೂ ಬಿಡುತ್ತಿದ್ದರು. ಶಾಂತಕ್ಕ ಭರಣಿಗೆ ಹಾಕಿದಳು, ಬಾಯಿಗೆ ಬಟ್ಟೆ ಕಟ್ಟಿದಳು.

ಅವತ್ತಿನಿಂದ ಅವಳು ಮೈಯೆಲ್ಲ ಕಿವಿಯಾದಳು. ಪಲ್ಯ ಸೋಸುತ್ತ, ಕಸ ಗುಡಿಸುತ್ತ, ಏನೂ ತಿಳಿಯದ ಮುಖ ಮಾಡಿಕೊಂಡು ಎಲ್ಲ ಕೇಳಿಸಿಕೊಂಡಳು. ಲಲಿತಾ ಅವಳ ಎದುರಿಗೇ ಫೋನಿನಲ್ಲಿ ತೆಲುಗಿನಲ್ಲಿ ಗೆಳತಿಯರಿಗೆ ಹೇಳುತ್ತಿದ್ದಳು: ಮನುಷ್ಯಳು ಒಳ್ಳೆಯವಳೇ, ಆದರೆ ಮಾತು ಕೇಳಬೇಕು ನೀವು, ನಗು ತಡೆಯಲಾಗುವುದಿಲ್ಲ, ಹೇಳಿದ್ದನ್ನು ಮಾಡುತ್ತಾಳೆ, ಎದುರಾಡುವುದಿಲ್ಲ. ಇಷ್ಟು ಹೇಳಿ ಕನ್ನಡಕ್ಕೆ ತಿರುಗಿ, "ಅಕ್ಕಾರ, ಚಾ ಆತೇನ್ರಿ?" ಎಂದು ಸಕ್ಕರೆ ಸುರಿಸುತ್ತಿದ್ದಳು. ಶಾಂತಕ್ಕ ಚಹಾ ತಂದುಕೊಡುತ್ತಿದ್ದಳು. ಲಲಿತಾಳ ಕೈಗೆ ಕೊಟ್ಟಿದ್ದ ಕುಂಚಿಗೆ ಒಂದು ದಿನ ಚಪ್ಪಲಿ ಇಡುವ ಕಪಾಟಿನಲ್ಲಿ, ಹಳೆ ಬಟ್ಟೆಗಳ ನಡುವೆ ಸಿಕ್ಕಿತು. ಎತ್ತಿಕೊಂಡು, ಒಗೆದು, ಮಡಚಿ ತನ್ನ ಚೀಲದಲ್ಲಿಟ್ಟಳು. ಅದನ್ನೂ ಕೇಳಲಿಲ್ಲ. ಎಲ್ಲ ಕೂಡಿಬರಲಿ ಎಂದುಕೊಂಡಳು.

ನಾಮಕರಣದ ದಿನ ಗೊತ್ತಾಯಿತು. ಊರಿನ ಮಂದಿಯನ್ನು ಕರೆಯಲಿಲ್ಲ. "ಊರಾಗ ಆಮ್ಯಾಲ ದೊಡ್ಡದ ಮಾಡೋಣ ಯಕ್ಕಾ. ಇಲ್ಲಿ ಬರೇ ಅಪಾರ್ಟ್‌ಮೆಂಟಿನವರು, ಗಿರಾಕಿಗಳು" ಎಂದ ಗವಿಸಿದ್ದಪ್ಪ.

"ಆತಪಾ. ಕೂಸಿಗೆ ಹೆಸರೇನ ಇಡ್ತೀರಿ?" ಎಂದಳು ಶಾಂತಕ್ಕ.

"ಆಹನಾ ಅಂತ. ಲಲಿತಾ ಆರಿಸ್ಯಾಳ."

"ಛಲೋ ಐತಿ" ಎಂದಳು. ಕಿವಿಯಲ್ಲಿ ಹೇಳುವವರು ಯಾರು ಎಂದು ಕೇಳುತ್ತಾಳೇನೋ ಎಂದು ತಮ್ಮ ಹೆದರಿದ್ದ. ಅವಳು ಕೇಳದಿದ್ದಾಗ ಅವನ ಮುಖ ಸಡಿಲವಾಯಿತು. ಆ ಸಡಿಲವಾದ ಮುಖ ನೋಡಿದ ಮೇಲೆ ಅವಳಲ್ಲಿ ಉಳಿದಿದ್ದ ಚೂರುಪಾರು ಕನಿಕರವೂ ಬತ್ತಿತು.

ನಾಮಕರಣದ ದಿನ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಬಲೂನು, ಹೂವಿನ ತೊಟ್ಟಿಲು, ಗೋಡೆಯ ಮೇಲೆ ಬಂಗಾರ ಬಣ್ಣದ ಅಕ್ಷರದಲ್ಲಿ 'ಆಹನಾ'. ವಿಡಿಯೋದವನು ದೀಪ ಹಿಡಿದು ಓಡಾಡುತ್ತಿದ್ದ. ಶಾಂತಕ್ಕನಿಗೆ ಹಾಲಿನ ಪಕ್ಕದ ಅಡುಗೆಕೋಣೆಯಲ್ಲಿ ಗುಗ್ಗರಿ ಹಂಚುವ ಕೆಲಸ. ಇಳಕಲ್ ಸೀರೆಯನ್ನು ಬೆಳಿಗ್ಗೆಯೇ ಉಟ್ಟು, ಮೇಲೆ ಒಂದು ಹಳೆಯ ಚಾದರ ಹೊದ್ದುಕೊಂಡಿದ್ದಳು. ಥಂಡಿ ಹತ್ತೇತಿ ಎಂದಿದ್ದಳು. ಹೆಚ್ಚು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಾಯಿತು. ಸತ್ಯವತಿ ಸುತ್ತ ನೋಡಿ ದೊಡ್ಡ ದನಿಯಲ್ಲಿ ಕೇಳಿದರು, ಮೇನತ್ತ ಎಕ್ಕಡ, ಸೋದರತ್ತೆ ಎಲ್ಲಿ ಎಂದು. ಸೋದರತ್ತೆಯಿಲ್ಲದೆ ಹೆಸರಿಡುವುದು ಅವರಲ್ಲೂ ಇಲ್ಲ. ಲಲಿತಾಳಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು, ಉತ್ತರ ಸಿದ್ಧವಿತ್ತು. ಸಿದ್ಧು ಅವರ ಅಕ್ಕ ಊರಲ್ಲಿದ್ದಾರೆ, ಬರಲಾಗಲಿಲ್ಲ, ಅವರ ಬದಲು ನನ್ನ ಗೆಳತಿ ಕವಿತಾ ಹೇಳುತ್ತಾಳೆ ಎಂದು ತೆಲುಗಿನಲ್ಲಿ ಸೊಗಸಾಗಿ ಹೇಳಿದಳು. ಕವಿತಾ ನಾಚಿಕೊಂಡು ಮುಂದೆ ಬಂದಳು.

ಅಡುಗೆಕೋಣೆಯ ಬಾಗಿಲಲ್ಲಿ ಚಾದರ ನೆಲಕ್ಕೆ ಬಿತ್ತು. ಇಳಕಲ್ ಸೀರೆಯ ಕೆಂಪು ಸೆರಗು ತಲೆಯ ಮೇಲೆ ಹೊದ್ದು, ಕೈಯಲ್ಲಿ ಕುಂಚಿಗೆ ಹಿಡಿದು, ಎಡಕ್ಕೆ ಸ್ವಲ್ಪ ವಾಲುತ್ತ ಶಾಂತಕ್ಕ ನಡೆದು ಬಂದಳು. ಜನ ತಾವಾಗಿಯೇ ದಾರಿ ಬಿಟ್ಟರು.

"ಮೇನತ್ತನಿ ನೇನೇನಂಡಿ" ಎಂದಳು.

ಸೋದರತ್ತೆ ನಾನೇ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗೋದಾವರಿ ಸೀಮೆಯ ಗದ್ದೆಯವರ ತೆಲುಗಿನಲ್ಲಿ, ಸತ್ಯವತಿಯವರು ಬಾಲ್ಯದಲ್ಲಿ ಕೇಳಿ ಬೆಳೆದ ಅದೇ ತೆಲುಗಿನಲ್ಲಿ, ತಡವರಿಸದೆ ಹೇಳಿದಳು: ನಾನು ಊರಲ್ಲಿಲ್ಲ, ಕೂಸು ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ. ನಿಮ್ಮ ಸಿದ್ಧು ಸರ್ ಹೆಸರು ಗವಿಸಿದ್ದಪ್ಪ. ಅವನನ್ನು ಎತ್ತಿ ಬೆಳೆಸಿದ ಸ್ವಂತ ಅಕ್ಕ ನಾನು. ನನಗೆ ತೆಲುಗು ಬರುವುದಿಲ್ಲ ಎಂದುಕೊಂಡು ನನ್ನ ಮುಂದೆಯೇ ಪನಿಮನಿಷಿ ಅಂದರು. ನಾಟಿಗದ್ದೆಯಲ್ಲಿ ಕಲಿತ ತೆಲುಗು ಬೇಗ ಮರೆಯುವುದಿಲ್ಲ, ತಾಯಿ.

ಗವಿಸಿದ್ದಪ್ಪನಿಗೆ ನೋಡಲು ಅಲ್ಲಿ ಲಿಫ್ಟಿನ ಗುಂಡಿಗಳೂ ಇರಲಿಲ್ಲ. ಇಂಗು ತಿಂದ ಮಂಗನಂತೆ ಬಲೂನು ನೋಡಿದ. ಸತ್ಯವತಿ ಲಲಿತಾಳನ್ನೊಮ್ಮೆ ದಿಟ್ಟಿಸಿ, ಕವಿತಾಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಶಾಂತಕ್ಕ ಕೂಸಿಗೆ ಕುಂಚಿಗೆ ತೊಡಿಸಿದಳು. ಹೆಸರು ಹೇಳಿದ ಮೇಲೆ ನನ್ನ ಬೆನ್ನಿಗೆ ಗುದ್ದಬೇಕು, ನಮ್ಮ ಕಡೆ ಹಾಗೆ ಎಂದು ಹೆಂಗಸರಿಗೆ ತಿಳಿಸಿಹೇಳಿದಳು. ಬಗ್ಗಿ, ಕೂಸಿನ ಕಿವಿಗೆ ಬಾಯಿಟ್ಟು 'ಕುರ್‍ರ್' ಎಂದಳು. ನೆಟ್ಟಗೆ ನಿಂತು, ವಿಡಿಯೋದವನ ಕಡೆ ತಿರುಗಿ, ಹಾಲಿನ ಕೊನೆಯವರೆಗೂ ಕೇಳುವಂತೆ ಹೇಳಿದಳು:

"ಶಿವಬಸಮ್ಮ!"

ತಾಯಿಯ ಹೆಸರು. ತಮ್ಮನ ಬಾಯಲ್ಲಿ ವರ್ಷಗಳಿಂದ ಬಾರದ ಹೆಸರು. ಗೋಡೆಯ ಮೇಲೆ ಬಂಗಾರದ ಅಕ್ಷರಗಳು ಅಲ್ಲೇ ಹೊಳೆಯುತ್ತಿದ್ದವು. ಯಾರೂ ಆ ಕಡೆ ನೋಡಲಿಲ್ಲ. ಹೆಂಗಸರು ನಗುತ್ತ ಬಂದು ಅವಳ ಬೆನ್ನಿಗೆ ಮೆಲ್ಲಗೆ ಗುದ್ದಿದರು. ಆ ಗುದ್ದುಗಳ ನಡುವೆ ಒಂದು ಮಾತ್ರ ಎಲುಬಿಗೆ ನಾಟುವಂತೆ ಬಿತ್ತು. ಯಾರದೆಂದು ತಿರುಗಿ ನೋಡಬೇಕಾಗಿರಲಿಲ್ಲ. ಲಲಿತಾಳ ಬಳೆಗಳ ಸದ್ದು ಅವಳಿಗೆ ಗೊತ್ತಿತ್ತು. ಶಾಂತಕ್ಕ ಅಯ್ಯಯ್ಯೋ ಎಂದು ನಕ್ಕಳು. ಬದುಕಿನಲ್ಲಿ ಅಷ್ಟು ಸುಖದ ಪೆಟ್ಟು ಅವಳು ತಿಂದಿರಲಿಲ್ಲ.

ಮಂದಿ ಹೋದ ಮೇಲೆ ತಮ್ಮ ಬಂದು ಎದುರಿಗೆ ನಿಂತ. "ಯಕ್ಕಾ, ನನ್ನ ಮುಂದ ಒಂದ ಮಾತ ಹೇಳಿದ್ದರ ಆಗತಿತ್ತಲ್ಲ. ಮಂದ್ಯಾಗ ನನ್ನ ಮಾನ ತಗದಿ."

"ನೀ ಲಿಫ್ಟಿನ್ಯಾಗ ಒಂದ ಮಾತ ಹೇಳಿದ್ದರನೂ ಆಗತಿತ್ತೋ ತಮ್ಮಾ. ನನ್ನ ಮಾನ ಅಲ್ಲೇ ಬಿದ್ದಿತ್ತು. ನೀ ಕಾಲಾಗ ದಾಟಿ ಹೋದಿ."

"ತಪ್ಪಾತು ಯಕ್ಕಾ. ಏನ ಮಾಡ್ಲಿ ಹೇಳು?"

"ನೀ ಏನೂ ಮಾಡಬ್ಯಾಡ. ಮಾಡಾಕಿ ನಾನು" ಎಂದು ಚೀಲ ಎತ್ತಿಕೊಂಡು ಹೊರಟಳು.

ಊರಿಗೆ ಹೋದಳೆಂದೇ ಗಂಡ ಹೆಂಡತಿ ತಿಳಿದರು. ಒಳಗೊಳಗೇ ನಿಟ್ಟುಸಿರನ್ನೂ ಬಿಟ್ಟಿರಬೇಕು. ಶಾಂತಕ್ಕ ಅಷ್ಟು ದೂರ ಹೋಗಲಿಲ್ಲ. ಕಾರಿಡಾರು ದಾಟಿ ಸತ್ಯವತಿಯವರ ಬಾಗಿಲು ತಟ್ಟಿದಳು. ಅಡುಗೆಗೆ ಜನ ಬೇಕು ಅನ್ನುತ್ತಿದ್ದಿರಲ್ಲ, ನಾನು ಬರುತ್ತೇನೆ ಎಂದಳು. ಅವರಿಗೆ ಮೊದಲು ಮುಜುಗರವಾಯಿತು. ಸಿದ್ಧು ಅವರ ಅಕ್ಕ ನೀವು, ನಮ್ಮಲ್ಲಿ ಕೆಲಸಕ್ಕೆ ಬರುವುದೆಂದರೆ ಹೇಗೆ ಎಂದರು. ಕೆಲಸ ನನಗೆ ಹೊಸದಲ್ಲ, ಅಕ್ಕನೆಂಬುದೇ ಇಲ್ಲಿ ಹೊಸದು ಎಂದಳು ಶಾಂತಕ್ಕ. ಅಡುಗೆಮನೆಯ ಹಿಂದಿನ ಕೋಣೆ ಅವಳದಾಯಿತು.

ಮರುದಿನ ಬೆಳಿಗ್ಗೆ ಲಲಿತಾ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದರೆ, ಎದುರು ಬಾಗಿಲಿನ ಮುಂದೆ ಗಂಡನ ಅಕ್ಕ ಕೂತು ರಂಗೋಲಿ ಹಾಕುತ್ತಿದ್ದಳು.

ಅಂದಿನಿಂದ ಇಂದಿನವರೆಗೆ ಶಾಂತಕ್ಕ ಅಲ್ಲೇ ಇದ್ದಾಳೆ. ಲಿಫ್ಟಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಟೆರೇಸಿನಲ್ಲಿ, ಯಾರು ಕೇಳಿದರೂ ಒಂದೇ ಉತ್ತರ: ಸಿದ್ಧು ಸರ್ ಅವರ ಸ್ವಂತ ಅಕ್ಕ, ಎದುರು ಮನೆಯಲ್ಲಿ ಪನಿಮನಿಷಿ. ನಗುತ್ತಲೇ ಹೇಳುತ್ತಾಳೆ. ಗ್ರಾನೈಟ್ ಕೊಳ್ಳಲು ಬಂದ ಗಿರಾಕಿಗಳು ಕೂಡ ನಿಮ್ಮ ಅಕ್ಕ ಚೆನ್ನಾಗಿದ್ದಾರಾ ಎಂದು ಕೇಳತೊಡಗಿದರು. ಲಲಿತಾ ಎಷ್ಟೋ ಸಲ ಕಾರಿಡಾರಿನಲ್ಲಿ ಕೈ ಹಿಡಿದಳು, ಅತ್ತಳು ಕೂಡ.

"ಅಕ್ಕಾರ, ಮನಿಗೆ ಬರ್ರಿ. ಮಂದಿ ಏನಂತಾರ್ರಿ?"

"ಏನಂತಾರವಾ? ಪನಿಮನಿಷಿ ಅಂತಾರ. ನೀನ ಕಲಿಸಿದ ಮಾತಲ್ಲೇನ ಅದು?"

ಇದು ಅತಿಯಾಯಿತು ಎನ್ನುವವರು ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಅವರ ಸೊಂಟ ನೆಟ್ಟಗಿದೆ. ಸತ್ಯವತಿಯವರೂ ಒಮ್ಮೆ, ಇನ್ನು ಸಾಕಲ್ಲವೇ ಎಂದು ಮೆಲ್ಲಗೆ ಕೇಳಿದ್ದರು. ಹದ ಇನ್ನೂ ಬಂದಿಲ್ಲ ಎಂದಿದ್ದಳು ಶಾಂತಕ್ಕ.

ಕೂಸು ಈಗ ನಡೆಯುತ್ತದೆ. ಕಾಗದದ ಮೇಲೆ ಆಹನಾ ಇರಬಹುದು. ಕಾರಿಡಾರು ದಾಟಿ ಅತ್ತೀ ಎಂದು ಓಡಿಬಂದಾಗ ಶಾಂತಕ್ಕ ಬಿಸಿ ರೊಟ್ಟಿಗೆ ತುಪ್ಪ ಬೆಲ್ಲ ಸವರಿ ಕೈಯಲ್ಲಿ ಹಿಡಿದು, "ನಿನ್ನ ಹೆಸರೇನವಾ?" ಎನ್ನುತ್ತಾಳೆ. ಕೂಸು "ಸಿಬಸಮ್ಮ" ಎನ್ನುತ್ತದೆ. ಆಮೇಲೆಯೇ ರೊಟ್ಟಿ.

ಮೊನ್ನೆ ಶಾಂತಕ್ಕ ಕೂಸನ್ನೆತ್ತಿಕೊಂಡು ಲಿಫ್ಟಿನಲ್ಲಿ ನಿಂತಿದ್ದಳು. ಅಂಗಡಿಗೆ ಹೊರಟ ಗವಿಸಿದ್ದಪ್ಪನೂ ಬಂದ. ಬಾಗಿಲು ಮುಚ್ಚುವ ಹೊತ್ತಿಗೆ ಅದೇ ಮಹಡಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಹತ್ತಿಕೊಂಡಳು. ಕೂಸಿನ ಕೆನ್ನೆ ಹಿಂಡಿ, ಶಾಂತಕ್ಕನನ್ನು ನೋಡಿ, ಗವಿಸಿದ್ದಪ್ಪನನ್ನು ಕೇಳಿದಳು: "ಈವಿಡ ಎವರಂಡಿ?"

ಯಾವಾಗಲೂ ಮೊದಲೇ ಉತ್ತರ ಕೊಡುವ ಶಾಂತಕ್ಕ ಅಂದು ಬಾಯಿ ತೆರೆಯಲಿಲ್ಲ. ಗವಿಸಿದ್ದಪ್ಪ ಗುಂಡಿಗಳ ಕಡೆ ಕಣ್ಣು ಹೊರಳಿಸಿದ. ಅಲ್ಲಿ ಅವಳ ಬೆರಳಿತ್ತು. ಬಾಗಿಲು ತೆರೆದಿಡುವ ಗುಂಡಿಯನ್ನು, ಅವನೇ ಕಲಿಸಿಕೊಟ್ಟ ಗುಂಡಿಯನ್ನು, ಒತ್ತಿ ಹಿಡಿದಿದ್ದಳು. ಲಿಫ್ಟು ಕುಂಯ್‌ಗುಟ್ಟಿತು. ಬಾಗಿಲು ಮುಚ್ಚಲಿಲ್ಲ.

"ಮಾ ಅಕ್ಕ" ಎಂದ ಅವನು, ಗಂಟಲಲ್ಲೇ.

"ಅವರಿಗೆ ಕೇಳಿಸಲಿಲ್ಲೋ ತಮ್ಮಾ" ಎಂದಳು ಶಾಂತಕ್ಕ. ಬೆರಳು ಅಲುಗಲಿಲ್ಲ.

"ನಮ್ಮಕ್ಕ!" ಎಂದ ಗವಿಸಿದ್ದಪ್ಪ. ಕನ್ನಡದಲ್ಲೇ ಬಂತು, ಜೋರಾಗಿಯೇ ಬಂತು, ಕಣ್ಣಲ್ಲಿ ನೀರೂ ಬಂತು. "ನನ್ನ ಹೊತ್ತು ಬೆಳಸಿದಾಕಿ."

ಇದಕ್ಕಾಗಿಯೇ ಅವಳು ಇಷ್ಟು ಕಾಲ ಕಾದಿದ್ದು. ಕೇಳಿದಳು, ಪೂರ್ತಿ ಕೇಳಿದಳು. ಆಮೇಲೆ ಬೆರಳು ತೆಗೆದು, ಹೊಸ ಹೆಂಗಸಿನ ಕಡೆ ತಿರುಗಿ, ಸಕ್ಕರೆಯಂಥ ತೆಲುಗಿನಲ್ಲಿ ಉಳಿದದ್ದನ್ನು ತಾನೇ ಸೇರಿಸಿದಳು:

"ಎದುರಿಂಟ್ಲೋ ಪನಿಮನಿಷಿನಿ." ಎದುರು ಮನೆಯಲ್ಲಿ ಕೆಲಸದವಳು.

ಬಾಗಿಲು ಮುಚ್ಚಿತು. ಗವಿಸಿದ್ದಪ್ಪ ನೆಲಮಹಡಿಯವರೆಗೂ ಅಂಕಿಗಳನ್ನು ನೋಡುತ್ತ ನಿಂತ.